ನಮ್ಮ ಡೊಮೇನ್ ಹೆಸರಲ್ಲಿ ಯಾರೋ ಮೇಲ್ ಕಳಿಸಿದ್ದಾರೆ. ಎಸ್‌ಪಿಎಫ್ ಇದ್ದರೂ ಇದು ಹೇಗೆ ಸಾಧ್ಯ?

ಕಾಫಿ ಕಣಿವೆ:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಕಡೆಯ ಒಂದು ಸಣ್ಣ ಕಾಫಿ ರಫ್ತು ಸಂಸ್ಥೆಯಲ್ಲಿ ಲೆಕ್ಕಪತ್ರ, ಕಂಪ್ಯೂಟರ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಜರ್ಮನಿಯ ನಮ್ಮ ಹಳೇ ಗಿರಾಕಿಗೆ ನಮ್ಮ ಅಕೌಂಟ್ಸ್ ವಿಳಾಸದಿಂದಲೇ ಒಂದು ಮೇಲ್ ಹೋಗಿದೆ. "ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ" ಎಂದು. ಪುಣ್ಯಕ್ಕೆ ಅವರು ಫೋನ್ ಮಾಡಿ ಕೇಳಿದರು, ಹಣ ಉಳಿಯಿತು.

ಆ ಮೇಲ್ ನಾವು ಕಳಿಸಿಯೇ ಇಲ್ಲ. ಸೆಂಟ್ ಫೋಲ್ಡರ್‌ನಲ್ಲೂ ಇಲ್ಲ. ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆವು. ವೆಬ್‌ಸೈಟ್ ನೋಡಿಕೊಳ್ಳುವವರನ್ನು ಕೇಳಿದರೆ "ನಿಮಗೆ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ಹಾಕಿದ್ದೇವಲ್ಲ, ಏನೂ ತೊಂದರೆ ಇಲ್ಲ" ಎನ್ನುತ್ತಾರೆ. ಹಾಗಾದರೆ ಈ ಮೇಲ್ ಹೋಗಿದ್ದು ಹೇಗೆ? ದಯವಿಟ್ಟು ತಿಳಿದವರು ಹೇಳಿ. ಮಾಲೀಕರು ತುಂಬಾ ಗಾಬರಿಯಲ್ಲಿದ್ದಾರೆ.

ಸರ್ವರ್ ಕೋಣೆ:

ಸರ್, ಊಹೆ ಮಾಡುವ ಮೊದಲು ಒಂದು ಕೆಲಸ ಮಾಡಿ. ಆ ಗಿರಾಕಿಗೆ ಬಂದ ಮೇಲ್ ಇದೆಯಲ್ಲ, ಅದರ ಮೂಲ ಪ್ರತಿ ತರಿಸಿಕೊಳ್ಳಿ. ಸುಮ್ನೆ ಫಾರ್ವರ್ಡ್ ಮಾಡಿದರೆ ಪ್ರಯೋಜನವಿಲ್ಲ, ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಎಂಬ ವಿವರದ ಸಾಲುಗಳು) ಎಲ್ಲ ಹೋಗಿಬಿಡುತ್ತದೆ. ಅಟ್ಯಾಚ್‌ಮೆಂಟ್ ಆಗಿ ಕಳಿಸಲು ಹೇಳಿ. ಜಿಮೇಲ್ ಬಳಸುವವರಾದರೆ "ಶೋ ಒರಿಜಿನಲ್" ಒತ್ತಿ ಡೌನ್‌ಲೋಡ್ ಮಾಡಬಹುದು.

ಅದರಲ್ಲಿ "ಅಥೆಂಟಿಕೇಶನ್ ರಿಸಲ್ಟ್ಸ್" ಎಂಬ ಸಾಲು ಹುಡುಕಿ. ಒಂದಕ್ಕಿಂತ ಜಾಸ್ತಿ ಇದ್ದರೆ ಗಿರಾಕಿಯ ಸ್ವಂತ ಮೇಲ್ ಸರ್ವರ್ ಬರೆದಿದ್ದನ್ನು ಮಾತ್ರ ನಂಬಿ. ಕಳ್ಳರು ತಾವೇ ಒಂದು ಸುಳ್ಳು ಸಾಲು ಸೇರಿಸಿ ಕಳಿಸುವುದೂ ಇದೆ. ಅಲ್ಲಿ ಎಸ್‌ಪಿಎಫ್, ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡನ್ನೂ ಕಣ್ಣಿಗೆ ಕಾಣುವ ವಿಳಾಸದ ಜೊತೆ ಹೋಲಿಸುವ ನಿಯಮ) ಮೂರರ ಮುಂದೆ ಏನಿದೆ ಎಂದು ಹಾಗೇ ಇಲ್ಲಿ ಹಾಕಿ. ಗಿರಾಕಿಯ ಹೆಸರು, ವಿಳಾಸ ತೆಗೆದುಬಿಡಿ.

ಕಾಫಿ ಕಣಿವೆ:

ತರಿಸಿದೆ ಸರ್. ಅವರು ಮೈಕ್ರೋಸಾಫ್ಟ್ 365 ಬಳಸುತ್ತಾರೆ. ಎಸ್‌ಪಿಎಫ್ ಪಾಸ್ ಎಂದಿದೆ! ಆದರೆ ಅದರ ಪಕ್ಕ "ಮೇಲ್ ಫ್ರಮ್" ಎಂದು ಯಾವುದೋ ಗೊತ್ತಿಲ್ಲದ ಡೊಮೇನ್ ಇದೆ. ಡಿಕಿಮ್ ನನ್, ಅಂದರೆ ಇಲ್ಲ. ಡಿಮಾರ್ಕ್ ಕೂಡ ನನ್. "ಹೆಡರ್ ಫ್ರಮ್" ಮುಂದೆ ಮಾತ್ರ ನಮ್ಮ ಡೊಮೇನ್. ಪಾಸ್ ಆಗಿದ್ದು ನೋಡಿ ಇನ್ನೂ ಗೊಂದಲವಾಯಿತು.

ಸರ್ವರ್ ಕೋಣೆ:

ಗೊಂದಲ ಬೇಡ, ಉತ್ತರ ಈ ಸಾಲಿನಲ್ಲೇ ಇದೆ. ಈ ಮೇಲ್ ಕಳಿಸಲು ನಿಮ್ಮ ಮೇಲ್ ಖಾತೆಯನ್ನು ಯಾರೂ ಬಳಸಿಲ್ಲ. ಆ ಮೇಲ್ ನಿಮ್ಮ ಸರ್ವರ್ ಹತ್ತಿರವೂ ಸುಳಿದಿಲ್ಲ.

ಅಂಚೆಯಲ್ಲಿ ಬರುವ ಪತ್ರ ನೆನಪಿಸಿಕೊಳ್ಳಿ. ಲಕೋಟೆಯ ಹಿಂದೆ ಒಂದು "ಇಂದ" ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಇನ್ನೊಂದು "ಇಂದ". ಎರಡೂ ಒಂದೇ ಇರಬೇಕೆಂದು ಯಾವ ನಿಯಮವೂ ಇಲ್ಲ. ಇಮೇಲ್ ಕೂಡ ಹಾಗೇ. ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ವಿಧಾನ ಬಂದಿದ್ದು 1982ರಲ್ಲಿ. ಕಳಿಸುವವರು ನಿಜವಾಗಿ ಅವರೇನಾ ಎಂದು ನೋಡುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಎಸ್‌ಪಿಎಫ್ ನೋಡುವುದು ಲಕೋಟೆಯ ವಿಳಾಸವನ್ನು, ಅಂದರೆ ಆ "ಮೇಲ್ ಫ್ರಮ್" ಅನ್ನು ಮಾತ್ರ. ಕಳ್ಳ ತನ್ನದೇ ಡೊಮೇನ್ ತೆಗೆದುಕೊಂಡು, ಅದಕ್ಕೆ ಸರಿಯಾದ ಎಸ್‌ಪಿಎಫ್ ಹಾಕಿ, ಅದನ್ನು ಲಕೋಟೆ ಮೇಲೆ ಬರೆದ. ಪಾಸ್ ಆಯಿತು. ಒಳಗಿನ "ಇಂದ" ಜಾಗದಲ್ಲಿ ನಿಮ್ಮ ವಿಳಾಸ ಬರೆದ. ನಿಮ್ಮ ಗಿರಾಕಿಯ ಕಣ್ಣಿಗೆ ಕಾಣುವುದು ಅದೊಂದೇ.

ಅಂದರೆ ನಿಮ್ಮ ವೆಬ್‌ಸೈಟ್‌ನವರು ಹಾಕಿದ ಎಸ್‌ಪಿಎಫ್ ಈ ದಾಳಿಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಯಾರೂ ಅದನ್ನು ಕೇಳಲೇ ಇಲ್ಲ.

ಒಳಗೂ ಹೊರಗೂ ಒಂದೇ ಡೊಮೇನ್ ಇದೆಯಾ ಎಂದು ಕೇಳುವುದು ಡಿಮಾರ್ಕ್. ಅದಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಪಾಸ್ ಆಗಬೇಕು, ಮತ್ತು ಪಾಸ್ ಆದ ಡೊಮೇನ್ ಓದುಗರಿಗೆ ಕಾಣುವ ಡೊಮೇನ್‌ಗೆ ಹೊಂದಬೇಕು. ಎರಡೂ ಹೊಂದದಿದ್ದರೆ ಏನು ಮಾಡಬೇಕೆಂದು ನೀವೇ ಹೇಳುತ್ತೀರಿ: ಪಿ=ನನ್ ಎಂದರೆ ಸುಮ್ಮನೆ ಬಿಡಿ, ಪಿ=ಕ್ವಾರಂಟೈನ್ ಎಂದರೆ ಸ್ಪ್ಯಾಮ್‌ಗೆ ಹಾಕಿ, ಪಿ=ರಿಜೆಕ್ಟ್ ಎಂದರೆ ಒಳಗೇ ಬಿಡಬೇಡಿ. ನಿಮಗೆ ಡಿಮಾರ್ಕ್ ರೆಕಾರ್ಡೇ ಇಲ್ಲ. ಆದ್ದರಿಂದ ಮೈಕ್ರೋಸಾಫ್ಟ್‌ಗೆ ನಿಮ್ಮ ಪರವಾಗಿ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಎಸ್‌ಪಿಎಫ್ ಇದೆ, ತೊಂದರೆ ಇಲ್ಲ" ಎಂಬ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಪ್ರತಿ ಸಲ ಬೇಜಾರಾಗುತ್ತದೆ. ಸಣ್ಣ ಸಂಸ್ಥೆಗಳು ಇದನ್ನು ನಂಬಿಯೇ ಹಣ ಕಳೆದುಕೊಳ್ಳುವುದು.

ಇಳಕಲ್ ಸೆರಗು:

ಸರ್, ಇದನ್ನು ಓದಿ ನನಗೂ ಭಯವಾಯಿತು. ನಾನು ಆನ್‌ಲೈನ್‌ನಲ್ಲಿ ಸೀರೆ ಮಾರುತ್ತೇನೆ, ಸ್ವಂತ ಡೊಮೇನ್ ಇದೆ. ನನ್ನದು ಏನೇನಿದೆ ಎಂದು ನಾನೇ ನೋಡಿಕೊಳ್ಳಬಹುದಾ? ಅಥವಾ ಹೋಸ್ಟಿಂಗ್‌ನವರನ್ನೇ ಕೇಳಬೇಕಾ?

ಸರ್ವರ್ ಕೋಣೆ:

ನೀವೇ ನೋಡಬಹುದು ಮೇಡಂ, ಪಾಸ್‌ವರ್ಡ್ ಏನೂ ಬೇಡ. ಇವೆಲ್ಲ ಇರುವುದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ಸಾರ್ವಜನಿಕ ವಿಳಾಸ ಪುಸ್ತಕದಲ್ಲಿ. ಆ ರೆಕಾರ್ಡ್ ಇರುವುದೇ ಎಲ್ಲರೂ ಓದಲಿ ಎಂದು. ವಿಂಡೋಸ್‌ನಲ್ಲಿ ಎನ್‌ಎಸ್‌ಲುಕಪ್ ಕಮಾಂಡ್ ಇದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಡಿಗ್. ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್ ಕೇಳಿ. ಕಮಾಂಡ್ ಬೇಡವೆಂದರೆ ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್‌ನ ಡಿಗ್ ಪುಟದಲ್ಲಿ ಡೊಮೇನ್ ಹಾಕಿ ಟಿಎಕ್ಸ್‌ಟಿ ಒತ್ತಿದರೆ ಸಾಕು.

ಎಸ್‌ಪಿಎಫ್ ನಿಮ್ಮ ಡೊಮೇನ್ ಹೆಸರಿನಲ್ಲೇ ಇರುತ್ತದೆ. ಡಿಮಾರ್ಕ್ ಇರುವುದು ಡೊಮೇನ್‌ನ ಶುರುವಿಗೆ "ಅಂಡರ್‌ಸ್ಕೋರ್ ಡಿಮಾರ್ಕ್ ಡಾಟ್" ಸೇರಿಸಿದ ಹೆಸರಿನಲ್ಲಿ. ಡಿಕಿಮ್ ಮಾತ್ರ ಹಾಗೆ ಊಹಿಸಿ ಹುಡುಕಲು ಆಗುವುದಿಲ್ಲ, ಅದಕ್ಕೆ ಸೆಲೆಕ್ಟರ್ ಎಂಬ ಒಂದು ಹೆಸರು ಗೊತ್ತಿರಬೇಕು. ನೀವು ಕಳಿಸಿದ ಯಾವುದಾದರೂ ಮೇಲ್‌ನ ಡಿಕಿಮ್ ಸಿಗ್ನೇಚರ್ ಹೆಡರ್‌ನಲ್ಲಿ ಎಸ್= ಎಂದು ಇರುತ್ತದಲ್ಲ, ಅದೇ ಸೆಲೆಕ್ಟರ್. ಡಿ= ಮುಂದೆ ಇರುವುದು ಸಹಿ ಹಾಕಿದ ಡೊಮೇನ್.

ಈ ಡಿ= ಬಹಳ ಮುಖ್ಯ. ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡು ಡಿಕಿಮ್ ಆನ್ ಮಾಡದೇ ಬಿಟ್ಟರೂ ಮೇಲ್‌ಗಳಿಗೆ ಸಹಿ ಇರುತ್ತದೆ. ಆದರೆ ಅದು ಜಿಆಪ್ಸ್‌ಎಸ್‌ಎಂಟಿಪಿ ಎಂದು ಕೊನೆಯಾಗುವ ಗೂಗಲ್‌ನ ಡೊಮೇನ್‌ನಲ್ಲಿ. ಮೈಕ್ರೋಸಾಫ್ಟ್‌ನಲ್ಲಿ ಆನ್‌ಮೈಕ್ರೋಸಾಫ್ಟ್ ಎಂದು ಬರುತ್ತದೆ. ಡಿಕಿಮ್ ಪಾಸ್ ಎಂದೇ ತೋರಿಸುತ್ತದೆ, ಆದರೆ ನಿಮ್ಮ ಡೊಮೇನ್‌ಗೆ ಹೊಂದುವುದಿಲ್ಲ. ಡಿಮಾರ್ಕ್ ದೃಷ್ಟಿಯಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಕಾಫಿ ಕಣಿವೆ:

ನೋಡಿದೆ ಸರ್. ಎಸ್‌ಪಿಎಫ್ ಎಂದು ಶುರುವಾಗುವ ರೆಕಾರ್ಡ್ ಎರಡಿವೆ. ಒಂದು ಹೋಸ್ಟಿಂಗ್‌ನದು, ಇನ್ನೊಂದು ಗೂಗಲ್‌ನದು. ಎರಡಿದ್ದರೆ ಡಬಲ್ ಸುರಕ್ಷಿತ ಅಲ್ವಾ?

ಸರ್ವರ್ ಕೋಣೆ:

ಇಲ್ಲ ಸರ್, ಎರಡಿದ್ದರೆ ಎರಡೂ ಕೆಲಸ ಮಾಡುವುದಿಲ್ಲ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡು ಕಂಡರೆ ಪರ್ಮ್‌ಎರರ್ (ರೆಕಾರ್ಡೇ ತಪ್ಪು) ಎಂಬ ಫಲಿತಾಂಶ ಬರುತ್ತದೆ. ನಿಮ್ಮ ನಿಜವಾದ ಮೇಲ್‌ಗಳಿಗೇ ಇದರಿಂದ ಪೆಟ್ಟು. ಎರಡನ್ನೂ ಸೇರಿಸಿ ಒಂದು ಸಾಲು ಮಾಡಿ.

ಸೇರಿಸುವಾಗ ಲೆಕ್ಕ ಇರಲಿ. ಇನ್‌ಕ್ಲೂಡ್ (ಬೇರೆ ಡೊಮೇನ್‌ನ ಪಟ್ಟಿಯನ್ನೂ ಸೇರಿಸು ಎನ್ನುವುದು), ಎ, ಎಂಎಕ್ಸ್, ರಿಡೈರೆಕ್ಟ್ ಇವೆಲ್ಲ ಒಂದೊಂದು ಡಿಎನ್‌ಎಸ್ ಹುಡುಕಾಟ. ಇನ್‌ಕ್ಲೂಡ್‌ನ ಒಳಗಿನ ಇನ್‌ಕ್ಲೂಡ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಟ್ಟು 10 ದಾಟಿದರೆ ಮತ್ತೆ ಪರ್ಮ್‌ಎರರ್. ನೇರವಾಗಿ ಐಪಿ ವಿಳಾಸ ಬರೆದರೆ ಲೆಕ್ಕಕ್ಕಿಲ್ಲ.

ಇನ್ನೊಂದು ಪ್ರಶ್ನೆ. ನಿಮ್ಮ ಹೋಸ್ಟಿಂಗ್ ಸರ್ವರ್‌ನಿಂದ ನಿಜವಾಗಿ ಮೇಲ್ ಹೋಗುತ್ತದಾ? ಹೋಗದಿದ್ದರೆ ಅದನ್ನು ಎಸ್‌ಪಿಎಫ್‌ನಿಂದ ತೆಗೆದೇಬಿಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದೇ ಐಪಿಯಿಂದ ನೂರಾರು ಬೇರೆ ವೆಬ್‌ಸೈಟ್‌ಗಳೂ ಮೇಲ್ ಕಳಿಸುತ್ತಿರಬಹುದು. ಹೋಸ್ಟಿಂಗ್‌ನವರು ಕಡಿವಾಣ ಹಾಕಿರದಿದ್ದರೆ ಅದರಲ್ಲಿ ಯಾರೇ ನಿಮ್ಮ ಹೆಸರು ಬರೆದು ಕಳಿಸಿದರೂ ಎಸ್‌ಪಿಎಫ್ ಪಾಸ್, ಅಲೈನ್‌ಮೆಂಟೂ ಪಾಸ್. ದೊಡ್ಡವರಿಗೂ ಇಂಥದ್ದು ಆಗಿದೆ. 2024ರಲ್ಲಿ ಗಾರ್ಡಿಯೋ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ "ಎಕೋಸ್ಪೂಫಿಂಗ್" ಎಂಬ ದಾಳಿಯನ್ನು ಬಯಲು ಮಾಡಿತು. ಇಮೇಲ್ ಭದ್ರತಾ ಕಂಪನಿ ಪ್ರೂಫ್‌ಪಾಯಿಂಟ್‌ನ ಮೇಲ್ ರಿಲೇಯಲ್ಲಿ (ಗಿರಾಕಿಗಳ ಮೇಲ್ ದಾಟಿಸುವ ಸರ್ವರ್) ಯಾವುದೇ ಮೈಕ್ರೋಸಾಫ್ಟ್ 365 ಖಾತೆಯನ್ನು ನಂಬುವ ಸೆಟ್ಟಿಂಗ್ ಇತ್ತು. ಅದರ ಮೂಲಕ ಡಿಸ್ನಿ, ನೈಕಿ, ಐಬಿಎಂ ಹೆಸರಿನಲ್ಲಿ ದಿನಕ್ಕೆ ಸರಾಸರಿ 30 ಲಕ್ಷ ಸುಳ್ಳು ಮೇಲ್ ಹೋದವು. ಎಸ್‌ಪಿಎಫ್ ಪಾಸ್, ಡಿಕಿಮ್ ಸಹಿಯೂ ಸರಿ. ನಮ್ಮ ಹೆಸರಿನಲ್ಲಿ ಕಳಿಸಲು ಯಾರಿಗೆ ಒಪ್ಪಿಗೆ ಕೊಟ್ಟಿದ್ದೇವೆ ಎಂಬ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು.

ಘಟ್ಟದ ಕೆಳಗೆ:

ಚರ್ಚೆ ಚೆನ್ನಾಗಿದೆ. ಆದರೂ ಒಂದು ಮಾತು ಹೇಳಬೇಕು. ನಾನು ಮಂಗಳೂರು ಕಡೆ ಒಂದು ಸಹಕಾರಿ ಬ್ಯಾಂಕಿನ ಐಟಿ ವಿಭಾಗದಲ್ಲಿದ್ದೇನೆ. ನಮ್ಮ ಗ್ರಾಹಕರಿಗೆ ಬರುವ ಮೋಸದ ಮೇಲ್‌ಗಳಲ್ಲಿ ಹೆಚ್ಚಿನವು ನಮ್ಮ ಡೊಮೇನ್‌ನಿಂದ ಬರುವುದೇ ಇಲ್ಲ. ಒಂದು ಅಕ್ಷರ ಆಚೀಚೆ ಮಾಡಿದ ಬೇರೆ ಡೊಮೇನ್ ಇರುತ್ತದೆ. ಇಲ್ಲವೇ ಹೆಸರಿನ ಜಾಗದಲ್ಲಿ ಬ್ಯಾಂಕ್ ಹೆಸರು, ವಿಳಾಸ ಯಾವುದೋ ಜಿಮೇಲ್. ಇವೆಲ್ಲ ಡಿಮಾರ್ಕ್ ಪಾಸ್ ಆಗಿಯೇ ಬರುತ್ತವೆ. ಹಾಗಿದ್ದ ಮೇಲೆ ಇಷ್ಟು ಕಷ್ಟಪಡುವುದರಲ್ಲಿ ಅರ್ಥ ಇದೆಯಾ?

ಸರ್ವರ್ ಕೋಣೆ:

ನೀವು ಹೇಳಿದ್ದು ನಿಜ, ಆ ದಾಳಿಗಳನ್ನು ಡಿಮಾರ್ಕ್ ತಡೆಯುವುದಿಲ್ಲ. ಪಾಸ್‌ವರ್ಡ್ ಕದ್ದು ನಿಜವಾದ ಖಾತೆಯಿಂದಲೇ ಕಳಿಸಿದರೂ ತಡೆಯುವುದಿಲ್ಲ. ಆದರೆ ಕಾಫಿ ಕಣಿವೆಯವರ ಗಿರಾಕಿಗೆ ಬಂದ ಮೇಲ್‌ನಲ್ಲಿ ವಿಳಾಸ ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಅವರು ಎಷ್ಟೇ ಎಚ್ಚರದಿಂದ ನೋಡಿದ್ದರೂ ತಪ್ಪು ಕಾಣುತ್ತಿರಲಿಲ್ಲ. ಹೋಲುವ ಡೊಮೇನ್ ಆದರೆ ಗಮನವಿಟ್ಟು ನೋಡುವವರಿಗೆ ಒಂದು ಅವಕಾಶವಾದರೂ ಇರುತ್ತದೆ. ಈ ಒಂದು ದಾರಿ ಮುಚ್ಚುವುದು ಡೊಮೇನ್ ಮಾಲೀಕರ ಕೈಯಲ್ಲಿ ಮಾತ್ರ ಇದೆ. ಗ್ರಾಹಕರಿಂದ ಅದು ಆಗದ ಕೆಲಸ.

ಬ್ಯಾಂಕ್‌ಗಳಿಗಂತೂ ಇದು ಇನ್ನೂ ಮುಖ್ಯ. ಹೋಲುವ ಡೊಮೇನ್‌ಗಳ ಹಾವಳಿ ತಡೆಯಲೆಂದೇ ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕ್‌ಗಳಿಗೂ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಲು ಹೇಳಿದ್ದು. ಅದರ ನೋಂದಣಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿ ಮೂಲಕ ಮಾತ್ರ. ಗ್ರಾಹಕರಿಗೆ "ಡಾಟ್ ಬ್ಯಾಂಕ್ ಡಾಟ್ ಇನ್ ಇದ್ದರೆ ಮಾತ್ರ ನಂಬಿ" ಎಂದು ಹೇಳಿಕೊಟ್ಟು, ಅದೇ ಹೆಸರನ್ನು "ಇಂದ" ಜಾಗದಲ್ಲಿ ಯಾರು ಬೇಕಾದರೂ ಬರೆಯಲು ಬಿಟ್ಟರೆ ಹೇಗೆ? ಎರಡೂ ಒಟ್ಟಿಗೆ ಬೇಕು.

ಘಟ್ಟದ ಕೆಳಗೆ:

ಒಪ್ಪಿದೆ. ನಮ್ಮ ಹೊಸ ಡೊಮೇನ್‌ಗೆ ಡಿಮಾರ್ಕ್ ಇದೆ, ಆದರೆ ಇನ್ನೂ ಪಿ=ನನ್. ಹಳೇ ಡೊಮೇನ್‌ನದು ನಾಳೆ ನೋಡುತ್ತೇನೆ.

ಬೇ ಏರಿಯಾ ಕನ್ನಡಿಗ:

ಪಿ=ನನ್‌ನಲ್ಲೇ ವರ್ಷಗಟ್ಟಲೆ ನಿಂತವರು ತುಂಬಾ ಜನ. ದಯವಿಟ್ಟು ಅಲ್ಲಿಯೇ ಉಳಿಯಬೇಡಿ. 2024ರ ಮೇನಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಎನ್‌ಎಸ್‌ಎ ಸೇರಿ ಒಂದು ಎಚ್ಚರಿಕೆ ಕೊಟ್ಟವು. ಉತ್ತರ ಕೊರಿಯಾದ ಕಿಮ್‌ಸುಕಿ ಎಂಬ ಹ್ಯಾಕರ್ ಗುಂಪು ಡಿಮಾರ್ಕ್ ಸಡಿಲವಾಗಿರುವ ಸಂಸ್ಥೆಗಳನ್ನು ಹುಡುಕಿ, ಅವರ ಹೆಸರಿನಲ್ಲಿ ಸಂಶೋಧಕರಿಗೆ, ಪತ್ರಕರ್ತರಿಗೆ ಮೇಲ್ ಕಳಿಸುತ್ತಿತ್ತು. ರೆಕಾರ್ಡ್ ಎಲ್ಲರಿಗೂ ಕಾಣುತ್ತದೆ ಎಂದಿರಲ್ಲ, ಅದು ಕಳ್ಳರಿಗೂ ಕಾಣುತ್ತದೆ. ಯಾರ ಹೆಸರು ಬಳಸುವುದು ಸುಲಭ ಎಂದು ಅವರು ಅಲ್ಲೇ ನೋಡಿಕೊಳ್ಳುತ್ತಾರೆ.

ಇನ್ನು 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕೂಡ ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5000 ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. 2025ರ ಮೇನಲ್ಲಿ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್ ಡಾಟ್ ಕಾಮ್‌ಗೆ ಇದೇ ನಿಯಮ ತಂದಿತು. ಆದರೆ ಅವರು ಕೇಳುವುದು ಕನಿಷ್ಠ ಪಿ=ನನ್ ಮಾತ್ರ. ಅದು ಹಾಕಿ ಕೆಲಸ ಮುಗಿಯಿತು ಎಂದುಕೊಂಡರೆ ಸ್ಪೂಫಿಂಗ್ (ಬೇರೆಯವರ ವಿಳಾಸ ಹಾಕಿ ಮೇಲ್ ಕಳಿಸುವುದು) ಹಾಗೇ ಇರುತ್ತದೆ.

ಇಳಕಲ್ ಸೆರಗು:

ಹಾಗಾದ್ರೆ ಇವತ್ತೇ ನೇರವಾಗಿ ರಿಜೆಕ್ಟ್ ಹಾಕಿಬಿಡಲಾ? ನನ್ನದು ಚಿಕ್ಕ ಅಂಗಡಿ ಅಲ್ವಾ.

ಸರ್ವರ್ ಕೋಣೆ:

ಬೇಡ ಮೇಡಂ, ನಿಮ್ಮದೇ ಬಿಲ್‌ಗಳು ನಿಂತುಹೋಗಬಹುದು. ಮೊದಲು ಪಿ=ನನ್ ಹಾಕಿ, ಜೊತೆಗೆ ಆರ್‌ಯುಎ= ಎಂದು ವರದಿ ಬರಬೇಕಾದ ವಿಳಾಸ ಕೊಡಿ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಾಮಾನ್ಯವಾಗಿ ದಿನಕ್ಕೊಂದು ವರದಿ ಕಳಿಸುತ್ತವೆ. ಅದು ಎಕ್ಸ್‌ಎಂಎಲ್ ಕಡತ, ನೋಡಲು ಕಷ್ಟ ಎನಿಸಿದರೂ ಒಳಗಿರುವುದು ಸರಳ: ಯಾವ ಐಪಿಯಿಂದ, ನಿಮ್ಮ ಹೆಸರಿನಲ್ಲಿ ಎಷ್ಟು ಮೇಲ್ ಬಂತು, ಹೊಂದಿತೋ ಇಲ್ಲವೋ. ವರದಿ ಬೇರೆ ಡೊಮೇನ್‌ನ ವಿಳಾಸಕ್ಕೆ ಹೋಗಬೇಕಿದ್ದರೆ ಆ ಡೊಮೇನ್‌ನವರೂ ಡಿಎನ್‌ಎಸ್‌ನಲ್ಲಿ ಒಪ್ಪಿಗೆಯ ರೆಕಾರ್ಡ್ ಹಾಕಿರಬೇಕು. ಇಲ್ಲದಿದ್ದರೆ ವರದಿ ಬರುವುದಿಲ್ಲ.

ಕೆಲವು ವಾರ ಅದನ್ನು ಓದಿ. ನೀವು ಮರೆತೇ ಬಿಟ್ಟಿದ್ದ ಜಾಗಗಳು ಅಲ್ಲಿ ಕಾಣುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್, ಹಬ್ಬದ ಆಫರ್ ಕಳಿಸುವ ನ್ಯೂಸ್‌ಲೆಟರ್ ಸೇವೆ, ವೆಬ್‌ಸೈಟ್‌ನ ಸಂಪರ್ಕ ಫಾರ್ಮ್. ಒಂದೊಂದಕ್ಕೂ ಡಿಕಿಮ್ ಮಾಡಿಸಿ. ಎಲ್ಲ ಸರಿಯಾದ ಮೇಲೆ ಕ್ವಾರಂಟೈನ್, ಆಮೇಲೆ ರಿಜೆಕ್ಟ್. ಅಮೆರಿಕ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ತನ್ನ ಇಲಾಖೆಗಳಿಗೆ ರಿಜೆಕ್ಟ್ ಕಡ್ಡಾಯ ಮಾಡಿದಾಗ ಒಂದು ವರ್ಷ ಸಮಯ ಕೊಟ್ಟಿತ್ತು. ಚಿಕ್ಕ ಅಂಗಡಿಗೆ ಅಷ್ಟೆಲ್ಲ ಬೇಡ, ಆದರೆ ವರದಿ ಓದದೇ ಹೋಗಬೇಡಿ.

ಸಂಪರ್ಕ ಫಾರ್ಮ್ ಬಗ್ಗೆ ಒಂದು ಮಾತು. ತುಂಬಾ ವೆಬ್‌ಸೈಟ್‌ಗಳಲ್ಲಿ ಫಾರ್ಮ್ ತುಂಬಿದ ಗ್ರಾಹಕರ ವಿಳಾಸವನ್ನೇ "ಇಂದ" ಜಾಗದಲ್ಲಿ ಹಾಕಿ ನಿಮಗೆ ಕಳಿಸುತ್ತಾರೆ. ಅದೂ ಸ್ಪೂಫಿಂಗೇ. ಗ್ರಾಹಕರದು ಯಾಹೂ ವಿಳಾಸವಾಗಿದ್ದರೆ ಆ ವಿಚಾರಣೆ ನಿಮಗೆ ತಲುಪುವುದೇ ಇಲ್ಲ, ಏಕೆಂದರೆ ಯಾಹೂ ರಿಜೆಕ್ಟ್ ಹಾಕಿದೆ. "ಇಂದ" ನಿಮ್ಮ ಡೊಮೇನ್ ಇರಲಿ, ರಿಪ್ಲೈ ಟು ಜಾಗದಲ್ಲಿ ಗ್ರಾಹಕರ ವಿಳಾಸ ಇರಲಿ.

ಬೇ ಏರಿಯಾ ಕನ್ನಡಿಗ:

ಯಾಹೂ ಎಂದಾಗ ನೆನಪಾಯಿತು. 2014ರ ಏಪ್ರಿಲ್‌ನಲ್ಲಿ ಯಾಹೂ ರಿಜೆಕ್ಟ್ ಹಾಕಿದಾಗ ಜಗತ್ತಿನ ಮೇಲಿಂಗ್ ಲಿಸ್ಟ್‌ಗಳೆಲ್ಲ ತತ್ತರಿಸಿದವು. ಇಲ್ಲಿಯ ಕನ್ನಡಿಗರ ಗುಂಪುಗಳಲ್ಲಿ ಆಗ ಎಲ್ಲವೂ ಮೇಲಿಂಗ್ ಲಿಸ್ಟ್‌ನಲ್ಲೇ ನಡೆಯುತ್ತಿತ್ತು. ಯಾಹೂ ವಿಳಾಸದವರು ಒಂದು ಮೇಲ್ ಹಾಕಿದರೆ ಲಿಸ್ಟ್ ಅದನ್ನು ಎಲ್ಲರಿಗೂ ಹಂಚುತ್ತದೆ. ಹಂಚುವ ಸರ್ವರ್ ಬೇರೆ, ಹಾಗಾಗಿ ಎಸ್‌ಪಿಎಫ್ ಹೊಂದುವುದಿಲ್ಲ. ವಿಷಯದ ಸಾಲಿಗೆ ಲಿಸ್ಟ್ ಹೆಸರು, ಕೆಳಗೆ ಅಡಿಟಿಪ್ಪಣಿ ಸೇರಿಸುವುದರಿಂದ ಡಿಕಿಮ್ ಸಹಿಯೂ ಮುರಿಯುತ್ತದೆ. ಆಮೇಲೆ ಲಿಸ್ಟ್ ಸಾಫ್ಟ್‌ವೇರ್‌ಗಳು "ಇಂದ" ವಿಳಾಸವನ್ನೇ ಲಿಸ್ಟ್‌ನ ವಿಳಾಸಕ್ಕೆ ಬದಲಾಯಿಸಲು ಶುರು ಮಾಡಿದವು. ನಿಮ್ಮ ಸಂಸ್ಥೆಯವರು ಅಂಥ ಲಿಸ್ಟ್‌ಗಳಲ್ಲಿ ಬರೆಯುತ್ತಿದ್ದರೆ ರಿಜೆಕ್ಟ್ ಮಾಡುವ ಮೊದಲು ಅದನ್ನೂ ವಿಚಾರಿಸಿ.

ಏನೂ ಬದಲಾಯಿಸದೆ ಸರ್ವರ್ ತಾನಾಗಿಯೇ ಬೇರೆ ವಿಳಾಸಕ್ಕೆ ಫಾರ್ವರ್ಡ್ ಮಾಡಿದ ಮೇಲ್ ಮಾತ್ರ ಡಿಕಿಮ್ ಇದ್ದರೆ ಉಳಿಯುತ್ತದೆ. ಎಸ್‌ಪಿಎಫ್ ಒಂದನ್ನೇ ನಂಬಿದವರಿಗೆ ಅದೂ ಇಲ್ಲ.

ಘಟ್ಟದ ಕೆಳಗೆ:

ಎಸ್‌ಪಿಎಫ್ ಕೊನೆಯಲ್ಲಿ ಟಿಲ್ಡ ಆಲ್ (ಪಟ್ಟಿಯಲ್ಲಿ ಇಲ್ಲದವರನ್ನು ಅನುಮಾನಿಸಿ) ಹಾಕಬೇಕಾ, ಮೈನಸ್ ಆಲ್ (ಪಟ್ಟಿಯಲ್ಲಿ ಇಲ್ಲದವರಿಗೆ ಒಪ್ಪಿಗೆಯೇ ಇಲ್ಲ) ಹಾಕಬೇಕಾ? ನಮ್ಮ ಆಡಿಟರ್ ಮೈನಸ್ ಆಲ್ ಬೇಕೇ ಬೇಕು ಎನ್ನುತ್ತಾರೆ.

ಸರ್ವರ್ ಕೋಣೆ:

ಡಿಮಾರ್ಕ್ ರಿಜೆಕ್ಟ್ ಇದ್ದರೆ ಟಿಲ್ಡ ಆಲ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಡಿಮಾರ್ಕ್‌ಗೆ ಎರಡೂ ಫೇಲ್ ಎಂದೇ ಲೆಕ್ಕ. ಮೈನಸ್ ಆಲ್ ಇದ್ದರೆ ಕೆಲವು ಸರ್ವರ್‌ಗಳು ಡಿಕಿಮ್ ನೋಡುವ ಮೊದಲೇ ಮೇಲ್ ತಳ್ಳಿಬಿಡುತ್ತವೆ, ಫಾರ್ವರ್ಡ್ ಆದ ಒಳ್ಳೆಯ ಮೇಲ್‌ಗಳೂ ಹೋಗುತ್ತವೆ. ಪ್ಲಸ್ ಆಲ್ ಮಾತ್ರ ಯಾವತ್ತೂ ಬೇಡ, ಅದು ಇಡೀ ಜಗತ್ತಿಗೆ ಒಪ್ಪಿಗೆ ಕೊಟ್ಟ ಹಾಗೆ.

ಕಾಫಿ ಕಣಿವೆ (ಕೆಲವು ದಿನಗಳ ನಂತರ):

ಎಲ್ಲರಿಗೂ ಧನ್ಯವಾದ. ಎಸ್‌ಪಿಎಫ್ ಒಂದೇ ಮಾಡಿಸಿದೆ. ಆದರೆ ಡಿಮಾರ್ಕ್ ಹಾಕಿದರೂ ಡಿಗ್‌ನಲ್ಲಿ ಕಾಣುತ್ತಿಲ್ಲ. ಡಿಕಿಮ್ ಹಾಕಿದರೆ "ಕೀ (ಸಹಿ ಪರೀಕ್ಷಿಸುವ ಸಂಕೇತ) ಸರಿಯಿಲ್ಲ" ಎಂದು ಗೂಗಲ್ ಹೇಳುತ್ತಿದೆ. ಪ್ಯಾನೆಲ್‌ನಲ್ಲಿ ಎಲ್ಲ ಸರಿಯಾಗಿಯೇ ಇದೆ.

ಸರ್ವರ್ ಕೋಣೆ:

ಡಿಮಾರ್ಕ್‌ಗೆ ಪ್ಯಾನೆಲ್‌ನ ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಬರೆದಿರಾ? ಹೆಚ್ಚಿನ ಪ್ಯಾನೆಲ್‌ಗಳು ಡೊಮೇನ್ ಅನ್ನು ತಾವೇ ಸೇರಿಸುತ್ತವೆ. ಆಗ ಡೊಮೇನ್ ಎರಡು ಸಲ ಬಂದು ರೆಕಾರ್ಡ್ ಬೇರೆಲ್ಲೋ ಕೂರುತ್ತದೆ. "ಅಂಡರ್‌ಸ್ಕೋರ್ ಡಿಮಾರ್ಕ್" ಇಷ್ಟೇ ಬರೆದು ನೋಡಿ.

ಡಿಕಿಮ್‌ನಲ್ಲಿ ಬಹುಶಃ ಉದ್ದದ ಸಮಸ್ಯೆ. ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ತುಂಡು 255 ಅಕ್ಷರ ದಾಟುವಂತಿಲ್ಲ. 2048 ಬಿಟ್ ಕೀ ಅದಕ್ಕಿಂತ ಉದ್ದ, ಎರಡು ತುಂಡು ಮಾಡಿ ಒಂದೇ ರೆಕಾರ್ಡ್‌ನಲ್ಲಿ ಹಾಕಬೇಕು. ಕೆಲವು ಪ್ಯಾನೆಲ್ ತಾವೇ ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಕಷ್ಟವಾಯಿತೆಂದು ಚಿಕ್ಕ ಕೀಗೆ ಹೋಗಬೇಡಿ. 2011ರ ಡಿಸೆಂಬರ್‌ನಲ್ಲಿ ಜಕಾರಿ ಹ್ಯಾರಿಸ್ ಎಂಬ ಗಣಿತಜ್ಞರಿಗೆ ಗೂಗಲ್‌ನಿಂದ ಒಂದು ಕೆಲಸದ ಮೇಲ್ ಬಂತು. ನಿಜವೋ ಸುಳ್ಳೋ ಎಂದು ಹೆಡರ್ ನೋಡಿದರೆ ಡಿಕಿಮ್ ಕೀ ಬರೀ 512 ಬಿಟ್. ಅಂಥ ಕೀಯನ್ನು ಅಮೆಜಾನ್ ಕ್ಲೌಡ್‌ನಲ್ಲಿ ಸುಮಾರು 75 ಡಾಲರ್ ಖರ್ಚು ಮಾಡಿ ಮೂರು ದಿನದಲ್ಲಿ ಒಡೆಯಬಹುದಿತ್ತು. ಅವರು ಒಡೆದು, ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೇ ಬ್ರಿನ್ ಹೆಸರಿನಲ್ಲಿ ಇನ್ನೊಬ್ಬ ಸ್ಥಾಪಕ ಲ್ಯಾರಿ ಪೇಜ್‌ಗೇ ಮೇಲ್ ಕಳಿಸಿದರು. ಆಮೇಲೆ ಗೂಗಲ್ ಕೀ ಬದಲಾಯಿಸಿ 2048 ಬಿಟ್‌ಗೆ ಹೋಯಿತು.

ಕಾಫಿ ಕಣಿವೆ:

ಎರಡೂ ನೀವು ಹೇಳಿದ್ದೇ ಸರ್! ಈಗ ಎಲ್ಲ ಕಾಣುತ್ತಿದೆ. ಗೂಗಲ್ ಅಡ್ಮಿನ್‌ನಲ್ಲಿ "ಸ್ಟಾರ್ಟ್ ಅಥೆಂಟಿಕೇಶನ್" ಒತ್ತುವುದು ಬಾಕಿ ಇತ್ತು, ಅದನ್ನೂ ಒತ್ತಿದೆ. ನನ್ನ ಸ್ವಂತ ಜಿಮೇಲ್‌ಗೆ ಒಂದು ಮೇಲ್ ಕಳಿಸಿ ನೋಡಿದರೆ ಮೂರೂ ಪಾಸ್, ಡಿ= ಮುಂದೆ ನಮ್ಮದೇ ಡೊಮೇನ್. ಪಿ=ನನ್ ಹಾಕಿ ವರದಿಗೆ ಕಾಯುತ್ತಿದ್ದೇನೆ. ಬ್ಯಾಂಕ್ ಖಾತೆ ಬದಲಾವಣೆ ಏನೇ ಇದ್ದರೂ ಹಳೇ ಫೋನ್ ನಂಬರಿಗೇ ಕರೆ ಮಾಡಿ ಖಚಿತ ಮಾಡಿಕೊಳ್ಳಿ ಎಂದು ಎಲ್ಲ ಗಿರಾಕಿಗಳಿಗೂ ಬರೆದಿದ್ದೇವೆ.

ಬೇ ಏರಿಯಾ ಕನ್ನಡಿಗ:

ಒಳ್ಳೆಯದಾಯಿತು. ನಮ್ಮೂರಿನವರಿಗೆ ಒಂದು ಮಾತು: ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇಳಕಲ್ ಸೆರಗು:

ನಾನೂ ಪಿ=ನನ್ ಹಾಕಿಸಿದೆ. ಕೊನೆಯ ಪ್ರಶ್ನೆ ಸರ್. ನನ್ನ ಹತ್ತಿರ ಹಳೇ ಡೊಮೇನ್ ಇನ್ನೊಂದಿದೆ. ಮೊದಲು ಅದರಲ್ಲೇ ಅಂಗಡಿ ಇತ್ತು, ಈಗ ಮೇಲ್, ವೆಬ್‌ಸೈಟ್ ಏನೂ ಇಲ್ಲ. ಬಳಸದಿರುವುದಕ್ಕೂ ಇದೆಲ್ಲ ಬೇಕಾ?

ಸರ್ವರ್ ಕೋಣೆ:

ಬೇಕು ಮೇಡಂ, ಮತ್ತು ಅದು ಎಲ್ಲಕ್ಕಿಂತ ಸುಲಭ. ಮೇಲ್ ಹೋಗುವುದೇ ಇಲ್ಲವಾದ್ದರಿಂದ ವರದಿ ನೋಡುತ್ತಾ ಕಾಯಬೇಕಿಲ್ಲ. ಎಸ್‌ಪಿಎಫ್‌ನಲ್ಲಿ ಬರೀ ಮೈನಸ್ ಆಲ್, ಬೇರೆ ಏನೂ ಬೇಡ. ಡಿಮಾರ್ಕ್ ನೇರವಾಗಿ ಪಿ=ರಿಜೆಕ್ಟ್, ಎಸ್‌ಪಿ= ಬರೆಯದಿದ್ದರೆ ಸಬ್‌ಡೊಮೇನ್‌ಗಳಿಗೂ ಅದೇ ಅನ್ವಯ. ಮೇಲ್ ಸ್ವೀಕರಿಸುವುದೂ ಇಲ್ಲವೆಂದರೆ ಎಂಎಕ್ಸ್‌ನಲ್ಲಿ (ಮೇಲ್ ಸ್ವೀಕರಿಸುವ ಸರ್ವರ್ ಯಾವುದು ಎಂದು ಹೇಳುವ ರೆಕಾರ್ಡ್) ಆದ್ಯತೆ 0 ಕೊಟ್ಟು ಬರೀ ಒಂದು ಚುಕ್ಕಿ ಇಡಿ.

ಡೊಮೇನ್ ನವೀಕರಣ ಮಾತ್ರ ನಿಲ್ಲಿಸಬೇಡಿ. ಹಳೇ ಗ್ರಾಹಕರ ನೆನಪಿನಲ್ಲಿ ಆ ಹೆಸರು ಇನ್ನೂ ಇರುತ್ತದೆ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಕೊಂಡು, ಸರಿಯಾದ ಡಿಕಿಮ್ ಹಾಕಿಯೇ ಅವರಿಗೆ ಮೇಲ್ ಕಳಿಸಬಹುದು. ಇನ್ನೊಂದು ಡೊಮೇನ್‌ನ ಎಸ್‌ಪಿಎಫ್‌ನಲ್ಲಿ ಈ ಹಳೇದರ ಇನ್‌ಕ್ಲೂಡ್ ಉಳಿದಿದ್ದರೆ ಇವತ್ತೇ ತೆಗೆಯಿರಿ. 2024ರ ಫೆಬ್ರವರಿಯಲ್ಲಿ ಬಯಲಾದ "ಸಬ್‌ಡೊಮೇಲಿಂಗ್" ದಾಳಿಯಲ್ಲಿ ಕಳ್ಳರು ಮಾಡಿದ್ದು ಇದನ್ನೇ. ದೊಡ್ಡ ಕಂಪನಿಗಳ ರೆಕಾರ್ಡ್‌ನಲ್ಲಿ ಮರೆತು ಉಳಿದಿದ್ದ, ಅವಧಿ ಮುಗಿದ ಡೊಮೇನ್‌ಗಳನ್ನು ಹುಡುಕಿ ಕೊಂಡುಕೊಂಡರು. ನಿಮ್ಮ ಎರಡೂ ರೆಕಾರ್ಡ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.